ಮೀನು ಹಿಡಿಯೋ 3ರಿಂದ 8 ಗ್ರಾಂ ಲೂರ್‌ಗೆ (ಕೃತಕ ಎರೆಗೆ) ಚಿಕ್ಕ ಬೇಟ್‌ಕಾಸ್ಟಿಂಗ್ ರೀಲ್ ತಗೊಳ್ಳೋದಾ, ಇಲ್ಲ ಸ್ಪಿನ್ನಿಂಗಲ್ಲೇ ಇದ್ಬಿಡೋದಾ?

ಕೆರೆಏರಿ_06 (ತುಮಕೂರು):

ಎಲ್ರಿಗೂ ನಮಸ್ಕಾರ. ವಿಷ್ಯ ಏನಪ್ಪಾ ಅಂದ್ರೆ ನನ್ನತ್ರ ಈಗ ರಾಡು-ರೀಲಿನ ಎರಡು ಸೆಟ್ ಇದೆ, ಒಂದು 2500 ಸೈಜ್ ಸ್ಪಿನ್ನಿಂಗು, ಇನ್ನೊಂದು ಫ್ರಾಗ್ (ಕಪ್ಪೆ ಆಕಾರದ ಲೂರ್) ಹೊಡೆಯೋಕೆ ಅಂತ ತಗೊಂಡ ಮಾಮೂಲಿ ಬೇಟ್‌ಕಾಸ್ಟರ್, ಅದಕ್ಕೆ 40 ಪೌಂಡ್ ಬ್ರೇಡ್ (ಹೆಣೆದ ಲೈನು) ಸುತ್ತಿದೀನಿ. ಜೊಂಡಿನ ಮೇಲೆ 10-12 ಗ್ರಾಂ ಫ್ರಾಗ್ ಎಸೆಯೋಕೆ ಅದ್ರಲ್ಲಿ ಯಾವ ತಕರಾರೂ ಇಲ್ಲ, ಹೆಬ್ಬೆರಳು ಇಟ್ಟು ಎಲ್ಲಿ ಬೇಕೋ ಅಲ್ಲೇ ಬೀಳಿಸಬಹುದು.

ತೊಂದ್ರೆ ಶುರುವಾಗೋದು ಬೇಸಿಗೆಲಿ. ಕುಣಿಗಲ್ ದೊಡ್ಡಕೆರೆ ಕಡೆ, ಮಾರ್ಕೋನಹಳ್ಳಿ ಹಿನ್ನೀರಲ್ಲಿ ನೀರು ಇಳಿದು ದಡ ಎಲ್ಲಾ ಬಯಲಾದಾಗ ಕೊರವ (ಕೊರಮೀನು) ದೊಡ್ಡ ಫ್ರಾಗ್ ನೋಡಿದ್ರೆ ಮುಖ ತಿರುಗಿಸಿ ಹೋಗುತ್ತೆ, ಅದೇ 3-4 ಗ್ರಾಂ ಸ್ಪಿನ್ನರ್ರೋ (ತಿರುಗೋ ಬ್ಲೇಡಿನ ಲೂರ್) ಚಿಕ್ಕ ಸ್ಪೂನೋ (ಚಮಚದಂಥ ಲೂರ್) ಹಾಕಿದ್ರೆ ಬಂದು ಹೊಡೆಯುತ್ತೆ. ಜಿಲೇಬಿ ಮೀನೂ ಅಷ್ಟೇ. ಸ್ಪಿನ್ನಿಂಗಲ್ಲಿ ಹಾಕ್ತೀನಿ ಸರಿ ಹೋಗುತ್ತೆ, ಆದ್ರೆ ಕಲ್ಲಿನ ಪಕ್ಕಕ್ಕೆ, ತೂಬಿನ ಗೋಡೆ ಬುಡಕ್ಕೆ ಕರೆಕ್ಟಾಗಿ ಇಡೋಕೆ ಬೇಟ್‌ಕಾಸ್ಟರ್ ಅಭ್ಯಾಸ ಆದ ಕೈಗೆ ಸ್ಪಿನ್ನಿಂಗ್ ಒಗ್ಗಲ್ಲ. ಹಾಗಂತ ಆ ಫ್ರಾಗ್ ಸೆಟ್ಟಲ್ಲೇ 4 ಗ್ರಾಂ ಎಸೆದ್ರೆ ಕಾಲ ಹತ್ರನೇ ಬಿದ್ದು ಲೈನ್ ಸಿಕ್ಕಾಗಿ ಗೂಡು ಕಟ್ಟುತ್ತೆ.

ಈಗ ಎಲ್ಲಾ ಕಡೆ ಬಿಎಫ್‌ಎಸ್ ಬಿಎಫ್‌ಎಸ್ (ಬೇಟ್ ಫಿನೆಸ್ ಸಿಸ್ಟಂ, ಹಗುರ ಲೂರ್ ಎಸೆಯೋ ಬೇಟ್‌ಕಾಸ್ಟಿಂಗ್) ಅಂತಾರಲ್ಲ, ಆ ತರದ ಚಿಕ್ಕ ರೀಲ್ ಒಂದು ತಗೊಳ್ಳೋಣ ಅಂತ. ಬಜೆಟ್ ರೀಲಿಗೆ 8 ಸಾವಿರ, ಎಳೆದ್ರೆ 9. ಶಿಮಾನೊ ಎಸ್‌ಎಲ್‌ಎಕ್ಸ್ ಬಿಎಫ್‌ಎಸ್ ಮೇಲೆ ಕಣ್ಣಿದೆ, ಆದ್ರೆ ಹೊಸದು ಬಜೆಟ್ ದಾಟುತ್ತೆ. ಚೈನಾ ಕಂಪನಿಗಳದ್ದು ಅರ್ಧ ರೇಟಿಗೆ ಸಿಗ್ತಾವೆ. ಇಲ್ಲಾಂದ್ರೆ ಇರೋ ರೀಲಿಗೇ ಹಗುರ ಸ್ಪೂಲ್ (ಲೈನ್ ಸುತ್ತೋ ಉರುಳೆ) ತರಿಸಿ ಹಾಕೋದು. ನನ್ನ ಪ್ರಶ್ನೆ ಇಷ್ಟೇ, 3 ಗ್ರಾಂ ನಿಜವಾಗ್ಲೂ ಹೋಗುತ್ತಾ? ಮ್ಯಾಗ್ನೆಟ್ ಬ್ರೇಕ್ ಒಳ್ಳೇದಾ ಸೆಂಟ್ರಿಫ್ಯೂಗಲ್ಲಾ? ಒಂದೂವರೆ ಕೆಜಿ ಕೊರವ ಬಂದ್ರೆ ತಡಿಯುತ್ತಾ? ಮತ್ತೆ ಗೇರ್ (ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ ಎಷ್ಟು ಸುತ್ತು ಅನ್ನೋದು) 8 ಅಂತೆ, 7 ಅಂತೆ, ಅದ್ಯಾಕೆ ಅಷ್ಟೊಂದು ಸ್ಪೀಡ್ ಇಡ್ತಾರೆ ಹಗುರ ಲೂರ್‌ಗೆ? ಬಳಸ್ತಾ ಇರೋರು ಹೇಳಿ, ಯೂಟ್ಯೂಬ್ ನೋಡಿ ತಲೆ ಕೆಟ್ಟಿದೆ.

ಬೇತಮಂಗಲ_07 (ಕೋಲಾರ):

ಅಣ್ಣಾ 8 ಸಾವಿರಕ್ಕೆ 1000 ಸೈಜ್ ಒಳ್ಳೇ ಸ್ಪಿನ್ನಿಂಗ್ ರೀಲು, ಒಂದು ಯುಎಲ್ (ಅಲ್ಟ್ರಾ ಲೈಟ್) ರಾಡು, ಬ್ರೇಡು ಎಲ್ಲಾ ಬಂದು ಮೇಲೆ ಪೆಟ್ರೋಲಿಗೂ ಮಿಗುತ್ತೆ. 2 ಗ್ರಾಂ ಕಣ್ಣು ಮುಚ್ಕೊಂಡು ಎಸಿ. ನಮ್ ಕಡೆ ಕೆ.ಸಿ. ವ್ಯಾಲಿ ಯೋಜನೆ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) 2018ರಲ್ಲಿ ಬಂದಾಗಿಂದ ಕೆರೆಗಳಲ್ಲಿ ಜಿಲೇಬಿ ಯಾವ ಪಾಟಿ ಇದೆ ಅಂದ್ರೆ, ಅದಕ್ಕೆ ಬೇಟ್‌ಕಾಸ್ಟರ್ ಯಾಕಣ್ಣ? ಶೋಕಿ ಅಂದ್ರೆ ಶೋಕಿ ಅಂತ ಒಪ್ಕೊಂಡು ತಗೋ, ಬೇಡ ಅನ್ನಲ್ಲ.

ಲೇತ್_ಮೇಷ್ಟ್ರು (ತುಮಕೂರು):

ಶೋಕಿ ಅಂದ್ರೂ ಪರವಾಗಿಲ್ಲ, ಆದ್ರೆ ಅದ್ರಲ್ಲಿ ಒಂದು ಲೆಕ್ಕ ಇದೆ, ಅದನ್ನ ತಿಳ್ಕೊಂಡು ತಗೊಂಡ್ರೆ ದುಡ್ಡು ದಂಡ ಆಗಲ್ಲ. ನಾನು ವಸಂತನರಸಾಪುರದಲ್ಲಿ ಮಷೀನ್ ಶಾಪಲ್ಲಿರೋನು, ರೀಲ್ ಬಿಚ್ಚಿ ಜೋಡ್ಸೋದು ನಂಗೆ ಮೀನು ಹಿಡಿಯೋದಕ್ಕಿಂತ ಇಷ್ಟ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ ಸಹಿಸ್ಕೊಳ್ಳಿ.

ಸ್ಪಿನ್ನಿಂಗ್ ರೀಲಲ್ಲಿ ಎಸೆಯುವಾಗ ಸ್ಪೂಲ್ ತಿರುಗಲ್ಲ, ಲೈನು ಸುರುಳಿ ಬಿಚ್ಕೊಂಡು ಮೇಲಿಂದ ಜಾರಿ ಹೋಗುತ್ತೆ. ಬೇಟ್‌ಕಾಸ್ಟರಲ್ಲಿ ಹಾಗಲ್ಲ, ಲೂರೇ ಸ್ಪೂಲನ್ನ ಎಳೆದು ತಿರುಗಿಸ್ಬೇಕು. ನಿಂತಿರೋ ಸ್ಪೂಲು ಒಂದೇ ಏಟಿಗೆ ಸಾವಿರಾರು ಆರ್‌ಪಿಎಂಗೆ ಹೋಗ್ಬೇಕು, ಅದಕ್ಕೆ ಬೇಕಾದ ಶಕ್ತಿ ಎಲ್ಲಾ ಆ 3 ಗ್ರಾಂ ಲೂರಿಂದಲೇ ಬರಬೇಕು. ಸ್ಪೂಲ್ ತೂಕ ಇದ್ದಷ್ಟೂ ಅದನ್ನ ಎಬ್ಬಿಸೋದು ಕಷ್ಟ. ಬರೀ ತೂಕ ಅಲ್ಲ, ಸುತ್ತಳತೆನೂ. ಅದೇ ತೂಕ ಸೆಂಟರಿಂದ ಎರಡು ಪಟ್ಟು ದೂರ ಇದ್ರೆ ತಿರುಗಿಸೋಕೆ ನಾಲ್ಕು ಪಟ್ಟು ಭಾರ ಆಗುತ್ತೆ. ಅದಕ್ಕೇ ಮಾಮೂಲಿ ರೀಲಲ್ಲಿ 32-34 ಮಿ.ಮೀ. ಸ್ಪೂಲ್ ಇದ್ರೆ ಈ ಚಿಕ್ಕ ರೀಲುಗಳಲ್ಲಿ 28-30 ಮಿ.ಮೀ. ಇಡೋದು, ಮೈಯೆಲ್ಲಾ ತೂತು ಕೊರೆದು 10 ಗ್ರಾಂ ಒಳಗೆ ತರೋದು.

ಈಗ ಎಲ್ರೂ ಮರೆಯೋ ವಿಷ್ಯಕ್ಕೆ ಬರ್ತೀನಿ. ಲೈನೂ ಸ್ಪೂಲ್ ಜೊತೆಗೇ ತಿರುಗುತ್ತೆ! ಮತ್ತೆ ಅದು ಇರೋದು ಹೊರಗಡೆ, ಅಂದ್ರೆ ಅತಿ ಹೆಚ್ಚು ತೊಂದ್ರೆ ಕೊಡೋ ಜಾಗದಲ್ಲಿ. ಲೆಕ್ಕ ಹಾಕಿ ನೋಡಿ: 12 ಪೌಂಡ್ ಫ್ಲೋರೊಕಾರ್ಬನ್ ಸುಮಾರು 0.285 ಮಿ.ಮೀ. ದಪ್ಪ, ಅದ್ರ ಸಾಂದ್ರತೆ 1.78, ನೂರು ಮೀಟರ್ ಸುತ್ತಿದ್ರೆ 11 ಗ್ರಾಂ ಮೇಲೆ ತೂಗುತ್ತೆ. ನೈಲಾನ್ ಆದ್ರೆ ಅದೇ ದಪ್ಪಕ್ಕೆ 7 ಗ್ರಾಂ ಚಿಲ್ಲರೆ. ಪಿಇ (ಪಾಲಿಎಥಿಲೀನ್) ಬ್ರೇಡು 0.8 ನಂಬರ್ 50 ಮೀಟರ್ ಸುತ್ತಿದ್ರೆ? ಒಂದು ಗ್ರಾಮೂ ಇಲ್ಲ. ಪಿಇ 1 ನಂಬರ್ ಅಂದ್ರೆ 200 ಡೆನಿಯರ್, 9000 ಮೀಟರ್‌ಗೆ 200 ಗ್ರಾಂ, ನೀವೇ ಭಾಗಿಸಿ ನೋಡ್ಕೊಳ್ಳಿ. ಅಂದ್ರೆ ಏಳು ಗ್ರಾಂ ಸ್ಪೂಲಿಗೆ ಅಂತ ಸಾವಿರಾರು ರೂಪಾಯಿ ಕೊಟ್ಟು ತಂದು ಅದ್ರ ಮೇಲೆ ಹನ್ನೊಂದು ಗ್ರಾಂ ಲೈನ್ ಹೇರಿದ್ರೆ ಏನು ಪ್ರಯೋಜನ ಹೇಳಿ. ಈ ರೀಲುಗಳ ಸ್ಪೂಲ್ ಆಳ ಇಲ್ದೆ ತೆಳ್ಳಗಿರೋದು ಇದಕ್ಕೇ, ನೋಡೋರಿಗೆ "ಇಷ್ಟೇ ಲೈನಾ" ಅನ್ಸುತ್ತೆ, ಆದ್ರೆ ಏರಿ ಮೇಲೆ ನಿಂತು 3 ಗ್ರಾಂ ಎಸೆಯೋನಿಗೆ 50 ಮೀಟರ್ ಧಾರಾಳ.

ಬ್ರೇಕ್ ವಿಷ್ಯ. ಮ್ಯಾಗ್ನೆಟ್ ಬ್ರೇಕಲ್ಲಿ ಅಲ್ಯುಮಿನಿಯಂ ಸ್ಪೂಲು ಮ್ಯಾಗ್ನೆಟ್ ಎದುರಿಗೆ ತಿರುಗಿದಾಗ ಎಡ್ಡಿ ಕರೆಂಟ್ ಹುಟ್ಟಿ ಅದೇ ತಡೆ ಹಾಕುತ್ತೆ, ಯಾವುದೂ ಉಜ್ಜಲ್ಲ. ಸ್ಪೀಡ್ ಎರಡರಷ್ಟಾದ್ರೆ ತಡೆನೂ ಎರಡರಷ್ಟು. ಸೆಂಟ್ರಿಫ್ಯೂಗಲಲ್ಲಿ ಚಿಕ್ಕ ಚಿಕ್ಕ ಬ್ರೇಕ್ ತುಂಡು ಹೊರಕ್ಕೆ ಚಿಮ್ಮಿ ಉಂಗುರಕ್ಕೆ ಉಜ್ಜುತ್ತೆ, ಅಲ್ಲಿ ಸ್ಪೀಡ್ ಎರಡರಷ್ಟಾದ್ರೆ ತಡೆ ನಾಲ್ಕರಷ್ಟು. ಹಾಗಾಗಿ ಸೆಂಟ್ರಿಫ್ಯೂಗಲ್ಲು ಎಸೆದ ತಕ್ಷಣ ಜೋರಾಗಿ ಹಿಡಿದು ಕೊನೇಲಿ ಪೂರ್ತಿ ಬಿಟ್ಬಿಡುತ್ತೆ, ತೂಕದ ಲೂರಿಗೆ ಅದು ಸೊಗಸು. ಹಗುರ ಲೂರು ಗಾಳಿಗೆ ಬೇಗ ಸೋತು ನಿಧಾನ ಆಗುತ್ತೆ, ಆದ್ರೆ ಸ್ಪೂಲ್ ಇನ್ನೂ ತಿರುಗ್ತಾನೇ ಇರುತ್ತೆ, ಗೂಡು ಕಟ್ಟೋದು ಆಗಲೇ, ಅಲ್ಲಿ ಮ್ಯಾಗ್ನೆಟ್ ಸ್ವಲ್ಪ ಹಿಡಿದಿದ್ರೆ ಒಳ್ಳೇದು. ಮೇಲಾಗಿ ಹೊರಗಡೆ ಡಯಲ್ ತಿರುಗಿಸಿದ್ರೆ ಸಾಕು, ಸೈಡ್ ಪ್ಲೇಟ್ ಬಿಚ್ಚೋ ಕೆಲಸ ಇಲ್ಲ. ನೀವು ಹೇಳಿದ ಎಸ್‌ಎಲ್‌ಎಕ್ಸ್ ಬಿಎಫ್‌ಎಸ್‌ನಲ್ಲಿರೋ ಎಫ್‌ಟಿಬಿ ಅನ್ನೋದೂ ಮ್ಯಾಗ್ನೆಟ್ಟೇ. ದಾಯ್ವಾದ ಕೆಲವು ರೀಲಲ್ಲಿ ಸ್ಪೂಲ್ ಪಕ್ಕದ ರೋಟರು ಸ್ಪೀಡ್ ಬಂದಾಗ ಹೊರಗೆ ಬಂದು ಮ್ಯಾಗ್ನೆಟ್ ನಡುವೆ ಸೇರುತ್ತೆ, ಸ್ಪೀಡ್ ಇಳಿದ್ರೆ ವಾಪಸ್ ಹೋಗುತ್ತೆ, ಎರಡೂ ಕಡೆಯ ಲಾಭ ತಗೊಳ್ಳೋಕೆ ಅಂತ. ನಿಮ್ಮ ಬಜೆಟ್ಟಿಗೆ ಸಾದಾ ಮ್ಯಾಗ್ನೆಟ್ಟೇ ಸಾಕು.

ಗೇರ್ ಯಾಕೆ ಜಾಸ್ತಿ ಅಂತ ಕೇಳಿದ್ರಲ್ಲ, ಅದೂ ಸ್ಪೂಲ್ ಸೈಜಿಂದಲೇ. 34 ಮಿ.ಮೀ. ಸ್ಪೂಲು, 6.3 ಗೇರು, ಹ್ಯಾಂಡಲ್ ಒಂದು ಸುತ್ತಿಗೆ 67 ಸೆ.ಮೀ. ಲೈನ್ ಬರುತ್ತೆ. 28 ಮಿ.ಮೀ. ಸ್ಪೂಲಿಗೆ ಅದೇ 6.3 ಇಟ್ರೆ 55 ಸೆ.ಮೀ. ಅಷ್ಟೇ. ಅದನ್ನ 70ಕ್ಕೆ ಮುಟ್ಟಿಸ್ಬೇಕಾದ್ರೆ 8 ಗೇರ್ ಬೇಕು. ಇದೆಲ್ಲಾ ಸ್ಪೂಲ್ ಪೂರ್ತಿ ತುಂಬಿದ್ದಾಗಿನ ಲೆಕ್ಕ, ಲೈನ್ ಹೊರಗಿದ್ದಾಗ ಇನ್ನೂ ಕಮ್ಮಿ. ಹಾಗಾಗಿ ಬಾಕ್ಸ್ ಮೇಲೆ 8.2 ಅಂತ ನೋಡಿ ಗಾಬರಿ ಆಗಬೇಡಿ, ನಿಮ್ಮ ಫ್ರಾಗ್ ರೀಲಿಗಿಂತ ಒಂಚೂರು ಜೋರು, ಅಷ್ಟೇ.

ಇರೋ ರೀಲಿಗೆ ಹಗುರ ಸ್ಪೂಲ್ ಹಾಕೋ ಐಡಿಯಾ ನಂಗೆ ಅಷ್ಟು ಹಿಡಿಸಲ್ಲ. ಸ್ಪೂಲ್ ಬದಲಾದ್ರೂ ಬ್ರೇಕು ಹಳೇದೇ, ಅದು 10 ಗ್ರಾಂಗೆ ಅಂತ ಮಾಡಿರೋದು. 5 ಗ್ರಾಂ ತನಕ ಇಳಿಬಹುದು. 3 ಕಷ್ಟ.

ಕೆರೆಏರಿ_06:

ಮೇಷ್ಟ್ರೇ ಅಡ್ಡಬಿದ್ದೆ. ಲೈನ್ ತೂಕದ ಲೆಕ್ಕ ಯಾರೂ ಹೇಳಿರ್ಲಿಲ್ಲ. ಹಾಗಾದ್ರೆ ಚೈನಾ ರೀಲು 28 ಮಿ.ಮೀ. ಸ್ಪೂಲು, ಮ್ಯಾಗ್ನೆಟ್ಟು, ತೂಕ ಕಮ್ಮಿ ಅಂತ ಇದ್ರೆ ಸಾಕಾ? ಶಿಮಾನೊಗೂ ಅದಕ್ಕೂ ಏನು ವ್ಯತ್ಯಾಸ ಬರುತ್ತೆ ಮತ್ತೆ?

ಕಂದವಾರ_40 (ಚಿಕ್ಕಬಳ್ಳಾಪುರ):

ನಾನು ಚೈನಾದ್ದೇ ಬಳಸ್ತಾ ಇರೋದು, ನನ್ನ ತಮ್ಮ ಶಿಮಾನೊದ್ದು ಬಳಸ್ತಾನೆ, ಇಬ್ರೂ ಒಂದೇ ಏರಿ ಮೇಲೆ ನಿಂತು ಎಸಿತೀವಿ, ಹಾಗಾಗಿ ಹೇಳಬಲ್ಲೆ. 5 ಗ್ರಾಂ ಮೇಲೆ ಇಬ್ರದ್ದೂ ಒಂದೇ ಜಾಗದಲ್ಲಿ ಬೀಳುತ್ತೆ. 3ಕ್ಕೆ ಇಳಿದ್ರೆ ಅವನದ್ದು ಸ್ವಲ್ಪ ಮುಂದೆ ಹೋಗುತ್ತೆ, ಅದಕ್ಕಿಂತ ಹೆಚ್ಚಾಗಿ ಅವನು ಹೆಬ್ಬೆರಳಿಗೆ ಅಷ್ಟು ಕೆಲಸ ಕೊಡಲ್ಲ. ನನ್ನದ್ರಲ್ಲಿ ಗಾಳಿ ತಿರುಗಿದಾಗೆಲ್ಲಾ ಡಯಲ್ ಮುಟ್ಟಬೇಕು. ಆಷಾಢದ ಗಾಳಿಲಿ ಎದುರಿಗೆ ಎಸೆಯೋದಂತೂ ಇಬ್ರೂ ಬಿಟ್ಟಿದೀವಿ, ಆಗ ಸ್ಪಿನ್ನಿಂಗೇ ಗತಿ, ಇಲ್ಲಾ ಏರಿಯ ಆ ಕಡೆ ತುದಿಗೆ ನಡ್ಕೊಂಡು ಹೋಗಿ ಗಾಳಿಗೆ ಬೆನ್ನು ಕೊಟ್ಟು ಎಸಿಬೇಕು. ವ್ಯತ್ಯಾಸ ಜಾಸ್ತಿ ಗೊತ್ತಾಗೋದು ಡ್ರ್ಯಾಗಲ್ಲಿ, ಅಂದ್ರೆ ಮೀನು ಎಳೆದಾಗ ಲೈನ್ ಬಿಟ್ಟುಕೊಡೋ ಬಿಗಿಯಲ್ಲಿ. ನಂದು ಮೀನು ಎಳೆದಾಗ ಮೊದಲು ಒಂದು ಕ್ಷಣ ಅಂಟ್ಕೊಂಡಂಗೆ ಇದ್ದು ಆಮೇಲೆ ಬಿಡುತ್ತೆ, ತೆಳು ಲೈನಿಗೆ ಆ ಒಂದು ಕ್ಷಣವೇ ಸಾಕು ಕಡಿಯೋಕೆ. ವಾಷರಿಗೆ ಡ್ರ್ಯಾಗ್ ಗ್ರೀಸ್ ಹಚ್ಚಿದ್ಮೇಲೆ ಎಷ್ಟೋ ವಾಸಿ.

ಆದ್ರೆ ನೀವು ಯಾರೂ ರಾಡ್ ಬಗ್ಗೆ ಮಾತೇ ಆಡ್ತಿಲ್ಲ! ಫ್ರಾಗ್ ರಾಡಿಗೆ ಈ ರೀಲ್ ಕಟ್ಟಿದ್ರೆ 3 ಗ್ರಾಂ ಇರಲಿ 6 ಗ್ರಾಮೂ ಹೋಗಲ್ಲ. ರಾಡ್ ಹಿಂದಕ್ಕೆ ಬಾಗಿ ಬಿಲ್ಲಿನ ಹಾಗೆ ತಳ್ಳಬೇಕು ಲೂರನ್ನ, ಮೀಡಿಯಂ ಹೆವಿ ರಾಡು 3 ಗ್ರಾಂಗೆ ಬಾಗೋದೇ ಇಲ್ಲ, ಆಗ ನಾವು ಕೈ ಜೋರು ಮಾಡ್ತೀವಿ, ಜೋರು ಮಾಡಿದ್ರೆ ಸ್ಪೂಲು ಒಮ್ಮೆಲೇ ಎದ್ದು ಲೈನ್ ಗೂಡು. ರಾಡ್ ಮೇಲೆ 1-7 ಗ್ರಾಂ, 2-8 ಗ್ರಾಂ ಅಂತ ಬರೆದಿರೋ ಕಾಸ್ಟಿಂಗ್ ರಾಡೇ ಬೇಕು. ನಿಮ್ಮ ಬಜೆಟ್ಟಲ್ಲಿ ರೀಲಿಗೆ ಕಮ್ಮಿ ಮಾಡಿ ರಾಡಿಗೆ ಹಾಕಿ ಅನ್ನೋಳು ನಾನು.

ಇನ್ನೊಂದು, ಲೂರ್ ತೂಕ ಪ್ಯಾಕೆಟ್ ನೋಡಿ ನಂಬಬೇಡಿ. ಬೆಳ್ಳಿ ಅಂಗಡಿಯವ್ರು ಇಟ್ಕೊಳ್ಳೋ ತರದ ಚಿಕ್ಕ ಡಿಜಿಟಲ್ ತಕ್ಕಡಿ ಇದ್ರೆ ಎಲ್ಲಾ ಲೂರ್ ತೂಗಿ ಬಾಕ್ಸಲ್ಲಿ ತೂಕದ ಪ್ರಕಾರ ಜೋಡಿಸ್ಕೊಳ್ಳಿ. 1.8 ಗ್ರಾಂ ಜಿಗ್ ಹೆಡ್ಡಿಗೆ (ತೂಕದ ತಲೆ ಇರೋ ಗಾಳಕ್ಕೆ) 2 ಇಂಚಿನ ರಬ್ಬರ್ ಮೀನು ಹಾಕಿದ್ರೆ ಒಟ್ಟು 3 ಗ್ರಾಂ ದಾಟುತ್ತೆ, ಅಂದ್ರೆ ಅದು ಆರಾಮಾಗಿ ಹೋಗುತ್ತೆ. 3 ಗ್ರಾಂ ಸ್ಪಿನ್ನರ್ ಮಾತ್ರ ಕಷ್ಟ ಕೊಡುತ್ತೆ, ತೂಕ ಅಷ್ಟೇ ಇದ್ರೂ ಬ್ಲೇಡು ಗಾಳಿ ಹಿಡಿಯುತ್ತೆ. ಚಿಕ್ಕ ಸ್ಪೂನು ಅದೇ ತೂಕದಲ್ಲಿ ಎಷ್ಟೋ ದೂರ ಹೋಗುತ್ತೆ. ಲೂರ್ ಎಷ್ಟು ಗ್ರಾಂ ಅನ್ನೋದಷ್ಟೇ ಅಲ್ಲ, ಗುಂಡಗಿದೆಯಾ ಅಗಲಕ್ಕಿದೆಯಾ ಅನ್ನೋದೂ ನೋಡ್ಬೇಕು.

ಬೇತಮಂಗಲ_07:

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಮ್ಮೂರ ಹುಡುಗನೊಬ್ಬ ದುಬಾರಿ ರೀಲ್ ತಗೊಂಡು ಸ್ಪಿನ್ನಿಂಗ್ ರಾಡಿಗೆ ತಲೆಕೆಳಗೆ ಕಟ್ಕೊಂಡು ಬಂದಿದ್ದ. ಇನ್ನೇನು ಹೇಳಲಿ.

ಲೇತ್_ಮೇಷ್ಟ್ರು:

ಕಂದವಾರ ಮೇಡಂ ರಾಡ್ ವಿಷ್ಯ ಹೇಳಿದ್ದು ಒಳ್ಳೇದಾಯ್ತು, ನಾನು ರೀಲಲ್ಲೇ ಮುಳುಗಿಹೋಗಿದ್ದೆ.

06 ಅವರೇ, ಶಿಮಾನೊಗೂ ಅಗ್ಗದ ರೀಲಿಗೂ ವ್ಯತ್ಯಾಸ ಬಾಕ್ಸ್ ಮೇಲೆ ಕಾಣಲ್ಲ, ಒಳಗೆ ಕಾಣುತ್ತೆ. ಅಂಗಡಿಲಿ ಕೈಗೆ ಸಿಕ್ರೆ, ಇಲ್ಲಾ ಸೆಕೆಂಡ್ ಹ್ಯಾಂಡ್ ಯಾರಾದ್ರೂ ಮಾರ್ತಾ ಇದ್ರೆ ಇಷ್ಟು ನೋಡಿ. ಲೈನ್ ಇಲ್ದೆ ಕ್ಲಚ್ ಒತ್ತಿ, ಬ್ರೇಕ್ ಸೊನ್ನೆಗೆ ಇಟ್ಟು, ಟೆನ್ಷನ್ ನಾಬ್ (ಸ್ಪೂಲನ್ನ ಪಕ್ಕದಿಂದ ಬಿಗಿ ಮಾಡೋ ತಿರುಪು) ಸಡಿಲ ಮಾಡಿ ಸ್ಪೂಲನ್ನ ಬೆರಳಲ್ಲಿ ಚಿಮ್ಮಿಸಿ. ಎಷ್ಟು ಸೆಕೆಂಡ್ ತಿರುಗ್ತು ಅನ್ನೋದು ಮುಖ್ಯ ಅಲ್ಲ, ಯೂಟ್ಯೂಬಲ್ಲಿ ಅದನ್ನೇ ದೊಡ್ಡದಾಗಿ ತೋರಿಸ್ತಾರೆ, ತೂಕದ ಸ್ಪೂಲು ಒಮ್ಮೆ ಎದ್ರೆ ಜಾಸ್ತಿ ಹೊತ್ತು ತಿರುಗುತ್ತೆ, ಹಗುರದ್ದು ಬೇಗ ನಿಲ್ಲುತ್ತೆ, ನಮಗೆ ಬೇಕಾಗಿರೋದು ಬೇಗ ಏಳೋದು. ನೋಡಬೇಕಾದ್ದು ನಿಲ್ಲುವಾಗ ಹೆಂಗೆ ನಿಲ್ಲುತ್ತೆ ಅಂತ: ಮೆಲ್ಲಗೆ ನಿಂತ್ರೆ ಸರಿ, ಗಕ್ಕನೆ ನಿಂತ್ರೆ ಬೇರಿಂಗಲ್ಲಿ ಕಸ, ಹಿಂದೆ ಮುಂದೆ ಓಲಾಡಿ ಒಂದೇ ಜಾಗದಲ್ಲಿ ನಿಂತ್ರೆ ಸ್ಪೂಲ್ ಬ್ಯಾಲೆನ್ಸ್ ಇಲ್ಲ. ಬ್ಯಾಲೆನ್ಸ್ ಇಲ್ಲದ್ದು ಜೋರಾಗಿ ಎಸೆದಾಗ ಗುರ್ ಅಂತ ನಡುಗುತ್ತೆ, ಆ ನಡುಕಕ್ಕೆ ನಿಮ್ಮ ದೂರ ಹೋಯ್ತು. ಅಗ್ಗದ ರೀಲುಗಳಲ್ಲಿ ಒಂದು ಚೆನ್ನಾಗಿ ಬಂದು ಪಕ್ಕದ್ದು ಹಾಳು ಬರೋದು ಇಲ್ಲೇ.

ಆಮೇಲೆ ಹ್ಯಾಂಡಲ್ ಹಿಡಿದು ಹಿಂದಕ್ಕೆ ಒತ್ತಿ, ಆಟ ಇರಬಾರ್ದು. ಡ್ರ್ಯಾಗ್ ಸ್ವಲ್ಪ ಬಿಗಿ ಮಾಡಿ ಲೈನನ್ನ ಕೈಯಲ್ಲಿ ನಿಧಾನಕ್ಕೆ ಎಳಿರಿ, ಮೇಡಂ ಹೇಳಿದ ಅಂಟು ಅಲ್ಲೇ ಗೊತ್ತಾಗುತ್ತೆ. ಸೈಡ್ ಪ್ಲೇಟ್ ತೆಗೆದು ನೋಡಿ, ಒಳಗೆ ಬಿಳಿ ಪುಡಿ ಹಸಿರು ಪಾಚಿ ತರ ಇದ್ರೆ ಅದು ಕರಾವಳಿಲಿ ಉಪ್ಪುನೀರು ಕುಡಿದು ಬಂದ ರೀಲು, ಎಷ್ಟು ಅಗ್ಗಕ್ಕೆ ಕೊಟ್ರೂ ಬೇಡ, ಮೆಗ್ನೀಸಿಯಂ ಬಾಡಿ ಆಗಿದ್ರಂತೂ ಮುಟ್ಟಲೇಬೇಡಿ. ನಮ್ಮ ಕಡೆ ಕೆರೆನೀರಲ್ಲಿ ಬಳಸಿದ್ದಾದ್ರೆ ಮಣ್ಣು ಒರೆಸಿದ್ರೆ ಮುಗೀತು.

ಟೆನ್ಷನ್ ನಾಬ್ ಬಗ್ಗೆ ಒಂದು ಮಾತು. ಹಳೇ ಪಾಠ ಏನಂದ್ರೆ ಲೂರ್ ನೇತಾಡಿಸಿ ನಿಧಾನಕ್ಕೆ ಇಳಿಯೋ ತನಕ ಬಿಗಿ ಮಾಡು ಅಂತ. ಹಗುರ ಲೂರಿಗೆ ಆ ಪಾಠ ನಡಿಯಲ್ಲ, ಅಷ್ಟು ಬಿಗಿ ಮಾಡಿದ್ರೆ ಸ್ಪೂಲ್ ಕತ್ತು ಹಿಸುಕಿದಂಗೆ. ಸ್ಪೂಲು ಅಕ್ಕಪಕ್ಕ ಅಲ್ಲಾಡೋದು ನಿಲ್ಲೋ ಅಷ್ಟು ಮಾತ್ರ ಬಿಗಿ ಮಾಡಿ ಬಿಟ್ಬಿಡಿ, ಮಿಕ್ಕಿದ್ದೆಲ್ಲಾ ಮ್ಯಾಗ್ನೆಟ್ ಡಯಲಲ್ಲಿ. ಹೊಸ ರೀಲ್ ಬೇರಿಂಗಲ್ಲಿ ಗ್ರೀಸ್ ತುಂಬಿರೋದೂ ಉಂಟು. ಅದನ್ನ ತೊಳೆದು ತೆಳು ಎಣ್ಣೆ ಒಂದೇ ಒಂದು ಹನಿ ಬಿಟ್ರೆ ಸಿರಾಮಿಕ್ ಬೇರಿಂಗ್ ಅಂತ ಮತ್ತೆ ದುಡ್ಡು ಸುರಿಯೋದು ಉಳಿಯುತ್ತೆ, ಅದು ಹೆಂಗಿದ್ರೂ ಕಿರ್ ಅಂತ ಕಿರುಚುತ್ತೆ ನಂಗಾಗಲ್ಲ.

ಹಳೇಗಾಳ (ಬಂಗಾರಪೇಟೆ):

ಮಕ್ಕಳಾ ಎಲ್ಲಾ ಓದಿದೆ, ಚೆನ್ನಾಗಿದೆ. ನಾನು ಬಿದಿರು ಕೋಲು ಎರೆಹುಳ ಕಾಲದೋನು, ಈಗ ಮೊಮ್ಮಗ ಬೇಟ್‌ಕಾಸ್ಟರ್ ಕೊಡಿಸಿದಾನೆ. ಕೊರಮೀನು ತಡಿಯುತ್ತಾ ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದೀನಿ.

ರೀಲ್ ತಡಿಯುತ್ತಪ್ಪಾ, ಪ್ರಶ್ನೆ ಅದಲ್ಲ. ಬಾಕ್ಸ್ ಮೇಲೆ ಡ್ರ್ಯಾಗ್ 4 ಕೆಜಿ 5 ಕೆಜಿ ಅಂತ ಬರೆದಿರ್ತಾರೆ, ಅಷ್ಟು ಡ್ರ್ಯಾಗ್ ನೀನು ಯಾವತ್ತೂ ಹಾಕಲ್ಲ. 8 ಪೌಂಡ್ ಲೀಡರ್ (ಲೈನಿನ ತುದಿಗೆ, ಲೂರಿಗೆ ಮುಂಚೆ ಕಟ್ಟೋ ತುಂಡು) ಅಂದ್ರೆ ಮೂರೂವರೆ ಕೆಜಿ ಚಿಲ್ಲರೆ, ಅದ್ರ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಇಡಬೇಕು, ಅಂದ್ರೆ ಒಂದು ಕೆಜಿ ಹತ್ರ. ಒಂದು ಕೆಜಿ ಡ್ರ್ಯಾಗಲ್ಲಿ ಬಯಲು ನೀರಲ್ಲಿ ಒಂದೂವರೆ ಕೆಜಿ ಮೀನನ್ನ ಆಡಿಸಿ ತರಬಹುದು, ಅವಸರ ಮಾಡ್ಬಾರ್ದು ಅಷ್ಟೇ. ಆದ್ರೆ ಕೊರಮೀನು ಬಯಲಲ್ಲಿ ಎಲ್ಲಿರುತ್ತೆ? ಜೊಂಡಲ್ಲಿ, ಅಂತರಗಂಗೆ ಕೆಳಗೆ. ಹೊಡೆದ ತಕ್ಷಣ ತಲೆ ತಿರುಗಿಸಿ ಬುಡಕ್ಕೆ ನುಗ್ಗುತ್ತೆ. ಅಲ್ಲಿ ಬೇಕಾಗಿರೋದು 40 ಪೌಂಡ್ ಬ್ರೇಡು, ಗಟ್ಟಿ ರಾಡು, ಎಳೆದು ಹೊರಗೆ ಹಾಕೋದು. ಈ ಚಿಕ್ಕ ರೀಲ್ ತಗೊಂಡು ಜೊಂಡಿನ ಮಧ್ಯೆ ಎಸೆಯೋದು ಮೀನಿನ ಬಾಯಲ್ಲಿ ಗಾಳ ಬಿಟ್ಟು ಬರೋಕೆ ದಾರಿ, ಅದು ಸರಿಯಲ್ಲ. ಜೊಂಡು ಇಲ್ದಿರೋ ಕಲ್ಲು ಕಟ್ಟಡ ಇರೋ ಕಡೆ, ಬೇಸಿಗೆಲಿ ನೀರು ಹಿಂದೆ ಸರಿದಾಗ, ಆಗ ಸರಿ. ನಿನ್ನ ಪ್ರಶ್ನೆಲೂ ಅದೇ ಇದೆ, ಹಾಗಾಗಿ ತಗೋ.

ಕೊರಮೀನಿಗೆ ಹಲ್ಲಿದೆ, ಮರೀಬೇಡ. 8 ಪೌಂಡ್ ಸಾಲದು, 12 ಪೌಂಡ್ ಫ್ಲೋರೊ ಲೀಡರ್ ಒಂದು ಮೊಳ ಹಾಕು, ಬ್ರೇಡಿಗೆ ಲೀಡರ್ ಸೇರಿಸೋ ಎಫ್‌ಜಿ ಗಂಟು ಕಲ್ತುಕೋ, ರಾಡಿನ ಸಣ್ಣ ಗೈಡ್ ಉಂಗುರದಲ್ಲಿ ಸಲೀಸಾಗಿ ಹೋಗೋ ಗಂಟು ಅದು.

ಇನ್ನೆರಡು ಮಾತು ಹೇಳಿ ಮುಗಿಸ್ತೀನಿ, ಕೇಳದೇ ಇದ್ರೂ. ಕೆರೆ ಹರಾಜು ಹಿಡಿದೋರು ಇರ್ತಾರೆ, ಅವರ ಮೀನು ಅದು, ಒಂದು ಮಾತು ಕೇಳಿ ಎಸೀರಿ. ಮಳೆಗಾಲದಲ್ಲಿ ಕೊರಮೀನಿನ ಮರಿ ಕೆಂಪಗೆ ಗುಂಪಾಗಿ ಮೇಲೆ ಬರುತ್ತಲ್ಲ, ಅದ್ರ ಕೆಳಗೆ ತಾಯಿ ತಂದೆ ಕಾವಲು ಇರ್ತವೆ, ಹಸಿವಿಗಲ್ಲ, ಮರಿ ಕಾಯೋಕೆ ಅಂತ ಏನು ಹಾಕಿದ್ರೂ ಹೊಡಿತವೆ. ಅಲ್ಲಿ ಎಸೀಬೇಡಿ. ಆ ಒಂದು ಮೀನು ಎತ್ತಿದ್ರೆ ಗುಂಪು ಪೂರ್ತಿ ಬೇರೆ ಮೀನಿನ ಬಾಯಿಗೆ.

ಕಂದವಾರ_40:

ಯಜಮಾನ್ರೇ ಮರಿ ವಿಷ್ಯ ಹೇಳಿದ್ದಕ್ಕೆ ಥ್ಯಾಂಕ್ಸ್, ವೀಡಿಯೊ ಹಾಕೋ ಹುಡುಗ್ರು ಅದನ್ನೇ ದೊಡ್ಡ ಟ್ರಿಕ್ ಅಂತ ಹೇಳ್ಕೊಡ್ತಾರೆ ನೋಡಿದ್ರೆ ಮೈ ಉರಿಯುತ್ತೆ.

ಲೈನ್ ಬಗ್ಗೆ ಒಂದು ಸೇರಿಸ್ತೀನಿ. ತೆಳು ಅಂತ ಪಿಇ 0.4, 0.5ಕ್ಕೆ ಇಳೀಬೇಡಿ. ದೊಡ್ಡ ಮೀನು ಜೋರಾಗಿ ಎಳೆದಾಗ ಅಷ್ಟು ತೆಳು ಲೈನು ಕೆಳಗಿನ ಸುತ್ತುಗಳ ನಡುವೆ ಕುಯ್ಕೊಂಡು ಇಳಿಯುತ್ತೆ, ಮುಂದಿನ ಸಲ ಎಸೆದಾಗ ಅಲ್ಲೇ ಗಕ್ಕನೆ ಸಿಕ್ಕಿ ಲೈನ್ ಕಡಿದು ಲೂರು ಮಾತ್ರ ಕೆರೆಗೆ ಹಾರಿಹೋಗುತ್ತೆ. 0.8 ಇಲ್ಲಾ 1 ನಂಬರ್ ಸಾಕು. ಮೀನು ಬಿಟ್ಟಾದ್ಮೇಲೆ ಲೈನ್ ಒಂದಿಷ್ಟು ಹೊರಗೆ ಎಳೆದು ಬೆರಳಲ್ಲಿ ಬಿಗಿ ಹಿಡಿದು ವಾಪಸ್ ಸುತ್ತಿ. ಸ್ಪೂಲ್ ಅಂಚಿನ ತನಕ ತುಂಬಬೇಡಿ, ಸ್ವಲ್ಪ ಕೆಳಗೇ ಬಿಡಿ, ತೂಕನೂ ಕಮ್ಮಿ ಗೂಡೂ ಕಮ್ಮಿ. ಹೊಸದಾಗಿ ಕಲಿಯುವಾಗ ಕಾಲೇಜ್ ಗ್ರೌಂಡಲ್ಲಿ ಹುಕ್ ಕಿತ್ತು ಹಾಕಿರೋ 7 ಗ್ರಾಂ ಲೂರಿಂದ ಶುರು ಮಾಡಿ, ಅದು ನೆಟ್ಟಗೆ ಹೋಗೋಕೆ ಶುರುವಾದ್ಮೇಲೆ 5, ಆಮೇಲೆ 3. ಬ್ರೇಕ್ ಜಾಸ್ತಿಯಿಂದ ಕಮ್ಮಿಗೆ ಬನ್ನಿ.

ಬೇತಮಂಗಲ_07:

ಎಲ್ರೂ ಸೇರಿ ನನ್ನೂ ಕೆಡಿಸ್ತಿದೀರಾ. ಆಯ್ತು ಒಪ್ಕೊಂಡೆ, ಕಟ್ಟಡದ ಬುಡಕ್ಕೆ ಇಡೋಕೆ ಚಂದ. ಆದ್ರೆ ಎಲ್ಲಿ ಸಿಗುತ್ತೆ ಅಂತ ಯಾರೂ ಹೇಳಿಲ್ಲ. ಅಲಿಎಕ್ಸ್‌ಪ್ರೆಸ್ 2020ರ ನವೆಂಬರಲ್ಲಿ ಬ್ಯಾನ್ ಆದ್ಮೇಲೆ ಚೈನಾ ರೀಲುಗಳು ಇಲ್ಲಿ ತರಿಸಿ ಮಾರೋರ ಹತ್ರ ತಗೋಬೇಕು, ಒಬ್ಬೊಬ್ರು ಒಂದೊಂದು ರೇಟು. ಹೊರದೇಶದಿಂದ ನೀವೇ ತರಿಸಿದ್ರೆ ಕಸ್ಟಮ್ಸ್ ಡ್ಯೂಟಿ ಸೇರಿಸಿ ಲೆಕ್ಕ ಹಾಕಿ. ತಗೊಳ್ಳೋಕೆ ಮುಂಚೆ ಒಂದು ಕೇಳ್ಕೊಳ್ಳಿ, ಸ್ಪೂಲು ಬೇರಿಂಗು ಹಾಳಾದ್ರೆ ತರಿಸಿಕೊಡ್ತೀರಾ ಅಂತ. "ನೋಡೋಣ" ಅಂದ್ರೆ ಮುಂದಿನ ಅಂಗಡಿ.

ಕೆರೆಏರಿ_06:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ಹೇಳಿದಂಗೆ 4 ಸಾವಿರದ ಒಳಗೆ ಮ್ಯಾಗ್ನೆಟ್ ಬ್ರೇಕಿನ ರೀಲು, ಮಿಕ್ಕಿದ್ದರಲ್ಲಿ 2-8 ಗ್ರಾಂ ಕಾಸ್ಟಿಂಗ್ ರಾಡು, ಪಿಇ 1 ನಂಬರ್ 50 ಮೀಟರ್, ಹೀಗೆ ಲೆಕ್ಕ ಹಾಕ್ತಿದೀನಿ. ಶಿಮಾನೊ ಆಮೇಲೆ ಯಾವತ್ತಾದ್ರೂ, ಸೆಕೆಂಡ್ ಹ್ಯಾಂಡಲ್ಲಿ ಮೇಷ್ಟ್ರು ಹೇಳಿದಂಗೆ ಚಿಮ್ಮಿಸಿ ನೋಡಿ. ಕೊನೇದೊಂದು ಸಣ್ಣ ಡೌಟು, ನಾನು ಬಲಗೈಲಿ ಎಸೆದು ಎಡಗೈಲಿ ಸುತ್ತೋನು. ಸ್ಪಿನ್ನಿಂಗಲ್ಲಿ ಹ್ಯಾಂಡಲ್ ಬಿಚ್ಚಿ ಆ ಕಡೆ ಹಾಕ್ಕೋತೀವಲ್ಲ, ಇದ್ರಲ್ಲೂ ಆಗುತ್ತಾ?

ಲೇತ್_ಮೇಷ್ಟ್ರು:

ಇಲ್ಲ, ಬೇಟ್‌ಕಾಸ್ಟರಲ್ಲಿ ಗೇರ್ ಎಲ್ಲಾ ಒಂದೇ ಕಡೆ ಇರುತ್ತೆ, ಹ್ಯಾಂಡಲ್ ಆ ಕಡೆ ಹೋಗಲ್ಲ. ತಗೊಳ್ಳುವಾಗಲೇ ಎಡಗೈದು ಅಂತ ಹೇಳಿ ತಗೋಬೇಕು. ಶಿಮಾನೊದಲ್ಲಿ ಮಾಡೆಲ್ ನಂಬರ್ 1ರಲ್ಲಿ ಮುಗಿದ್ರೆ ಎಡಗೈ, 151, 71 ಹಿಂಗೆ. 150, 70 ಅಂತ ಇದ್ರೆ ಬಲಗೈ. ದಾಯ್ವಾದಲ್ಲಿ ಕೊನೇಲಿ ಎಲ್ ಅಕ್ಷರ ಇರುತ್ತೆ. ಆನ್‌ಲೈನಲ್ಲಿ ಫೋಟೊ ನೋಡಿ ಆರ್ಡರ್ ಮಾಡಬೇಡಿ, ಒಂದೇ ಫೋಟೊ ಎರಡಕ್ಕೂ ಹಾಕಿರ್ತಾರೆ, ಕೆಳಗೆ ಬರೆದಿರೋದನ್ನ ಓದಿ.